ಇಂಟರ್‌ಫೇಸ್ ಕರೆಯುವವರಿಗೆ, ಅಬ್‌ಸ್ಟ್ರಾಕ್ಟ್ ಕ್ಲಾಸ್ ಬರೆಯುವವರಿಗೆ

ಎಲ್ಲರಿಗೂ ನಮಸ್ಕಾರ. ಶುರುವಿನಲ್ಲೇ ಒಂದು ಭರವಸೆ ಕೊಟ್ಟುಬಿಡುತ್ತೇನೆ. ಇವತ್ತಿನ ಮಾತಿನಲ್ಲಿ ನಾಯಿ ಬೊಗಳುವುದಿಲ್ಲ, ಬೆಕ್ಕು ಮಿಯಾಂವ್ ಅನ್ನುವುದಿಲ್ಲ, ವೃತ್ತದ ವಿಸ್ತೀರ್ಣವನ್ನೂ ಯಾರೂ ಲೆಕ್ಕ ಹಾಕುವುದಿಲ್ಲ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿತ ನಾವೆಲ್ಲ ಆ ಪ್ರಾಣಿಗಳನ್ನು ಸಾಕಿದವರೇ. ಇಷ್ಟು ಸಾಕಿದ ಮೇಲೂ ನಿಜವಾದ ಕೆಲಸಕ್ಕೆ ಕೂತಾಗ, ಇಲ್ಲಿ ಅಬ್‌ಸ್ಟ್ರಾಕ್ಟ್ ಕ್ಲಾಸ್ ಬರೆಯಬೇಕಾ, ಇಂಟರ್‌ಫೇಸ್ ಬರೆಯಬೇಕಾ ಅಂತ ಕೈ ನಿಂತುಬಿಡುತ್ತದೆ. ಪಾಠಗಳಲ್ಲಿ ಬರುವ ಆ ನಾಯಿ, ಬೆಕ್ಕಿನ ಉದಾಹರಣೆ ಹೇಗೆ ಬರೆಯಬೇಕು ಅಂತ ಕಲಿಸುತ್ತದೆ, ಯಾಕೆ ಬರೆಯಬೇಕು ಅಂತ ಕಲಿಸುವುದಿಲ್ಲ. ಆ ನಾಯಿಗೆ ಬೊಗಳು ಅಂತ ಹೇಳುವವರು ಯಾರು? ಅವರ ಕೋಡ್ ಎಲ್ಲಿದೆ? ಪಾಠದಲ್ಲಿ ಅವರು ಕಾಣಿಸುವುದೇ ಇಲ್ಲ. ನನ್ನ ಪ್ರಕಾರ ಗುಟ್ಟು ಇರುವುದೇ ಅಲ್ಲಿ.

ಇಂಟರ್‌ವ್ಯೂನಲ್ಲಂತೂ ಈ ಪ್ರಶ್ನೆ ತಪ್ಪುವುದಿಲ್ಲ. ನಾನೂ ಒಂದು ಕಾಲದಲ್ಲಿ ಗಿಳಿಪಾಠ ಒಪ್ಪಿಸಿದ್ದೇನೆ. ಅಬ್‌ಸ್ಟ್ರಾಕ್ಟ್ ಕ್ಲಾಸ್‌ನಲ್ಲಿ ಬಾಡಿ (ಅಂದರೆ ಒಳಗಿನ ಕೋಡ್) ಇರುವ ಮೆಥಡ್ ಇರಬಹುದು, ಇಂಟರ್‌ಫೇಸ್‌ನಲ್ಲಿ ಇರುವಂತಿಲ್ಲ. ಒಂದು ಕ್ಲಾಸ್ ಒಂದೇ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಬಹುದು, ಇಂಟರ್‌ಫೇಸ್‌ಗಳನ್ನು ಎಷ್ಟು ಬೇಕಾದರೂ ಇಂಪ್ಲಿಮೆಂಟ್ ಮಾಡಬಹುದು. ಕೇಳಿದವರು ತಲೆಯಾಡಿಸಿದರು, ಕೆಲಸ ಸಿಕ್ಕಿತು. ಆಮೇಲೆ 2014ರಲ್ಲಿ ಜಾವಾ ಭಾಷೆಯ ಹೊಸ ಆವೃತ್ತಿ, ಜಾವಾ 8, ಬಂದು ಮೊದಲನೇ ವಾಕ್ಯವನ್ನೇ ಸುಳ್ಳು ಮಾಡಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಹೊಸಬರು ಇದ್ದೀರಿ ಅಂತ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಬ್‌ಸ್ಟ್ರಾಕ್ಟ್ ಕ್ಲಾಸ್ ಅಂದರೆ ಅರ್ಧ ಮುಗಿದ ಕ್ಲಾಸ್. ಕೆಲವು ಮೆಥಡ್ ಪೂರ್ತಿ ಬರೆದಿರುತ್ತದೆ, ಕೆಲವಕ್ಕೆ ಹೆಸರು ಮಾತ್ರ. ಅರ್ಧ ಮುಗಿದದ್ದರಿಂದ ನೇರವಾಗಿ ಅದರ ಆಬ್ಜೆಕ್ಟ್ ಮಾಡಲು ಕಂಪೈಲರ್ ಬಿಡುವುದಿಲ್ಲ. ಅದನ್ನು ಎಕ್ಸ್‌ಟೆಂಡ್ ಮಾಡುವ, ಅಂದರೆ ಅದರ ಮೇಲೆ ಕಟ್ಟುವ, ಮಗಳು ಕ್ಲಾಸ್ ಬಾಕಿ ಮೆಥಡ್ ಬರೆಯಬೇಕು, ಇಲ್ಲವೇ ತಾನೂ ಅಬ್‌ಸ್ಟ್ರಾಕ್ಟ್ ಅಂತ ಹೇಳಿಕೊಂಡು ಕೂರಬೇಕು. ಇಂಟರ್‌ಫೇಸ್ ಅಂದರೆ ಒಂದು ಆಬ್ಜೆಕ್ಟನ್ನು ಏನೇನು ಕೇಳಬಹುದು ಅನ್ನುವ ಪಟ್ಟಿ. ಒಳಗೆ ಏನಿದೆ, ಹೇಗಿದೆ ಅನ್ನುವ ಉಸಾಬರಿ ಅದಕ್ಕಿಲ್ಲ. ಆ ಪಟ್ಟಿಯ ಮೆಥಡ್‌ಗಳನ್ನು ಒಂದು ಕ್ಲಾಸ್ ಬರೆದುಕೊಡುವುದೇ ಇಂಪ್ಲಿಮೆಂಟ್ ಮಾಡುವುದು. ಇಷ್ಟು ಸಾಕು, ಮುಂದೆ ಹೋಗೋಣ.

ನಾನು ಕೈ ಸುಟ್ಟುಕೊಂಡ ಒಂದು ಕೋಡಿನ ಕಥೆ ಹೇಳುತ್ತೇನೆ. ಬೇರೆ ಬೇರೆ ಕಡೆಯಿಂದ ಬರುವ ಫೈಲ್‌ಗಳನ್ನು ಓದಿ ಡೇಟಾಬೇಸ್‌ಗೆ ತುಂಬುವ ಪ್ರೋಗ್ರಾಮ್. ಒಂದು ಫೈಲಿನಲ್ಲಿ ಅಲ್ಪವಿರಾಮದಿಂದ ಬೇರ್ಪಟ್ಟ ಕಾಲಂ, ಇನ್ನೊಂದರಲ್ಲಿ ಟ್ಯಾಬ್, ಮತ್ತೊಂದರಲ್ಲಿ ಮೊದಲ 10 ಅಕ್ಷರ ಹೆಸರು, ಮುಂದಿನ 8 ಅಕ್ಷರ ದಿನಾಂಕ ಅನ್ನುವಂಥ ಲೆಕ್ಕ. ಉಳಿದ ಕೆಲಸ ಮಾತ್ರ ಎಲ್ಲದಕ್ಕೂ ಒಂದೇ: ಫೈಲ್ ತೆರೆ, ಸಾಲು ಓದು, ತುಂಡು ಮಾಡು, ತಪ್ಪಿದ್ದರೆ ಬದಿಗಿಡು, ಸರಿಯಿದ್ದರೆ ಉಳಿಸು, ಕೊನೆಗೆ ಫೈಲ್ ಮುಚ್ಚು. ನಾನು ಮಾಡಿದ್ದೇನು? ಫೈಲ್ ಆಮದು ಅಂತ ಒಂದು ಅಬ್‌ಸ್ಟ್ರಾಕ್ಟ್ ಕ್ಲಾಸ್ ಬರೆದೆ. ಆ ಇಡೀ ಓಟ ಅದರೊಳಗೆ. ಸಾಲನ್ನು ತುಂಡು ಮಾಡುವ ಮೆಥಡ್ ಒಂದು ಮಾತ್ರ ಅಬ್‌ಸ್ಟ್ರಾಕ್ಟ್. ಹೊಸ ಬಗೆಯ ಫೈಲ್ ಬಂದರೆ ಹತ್ತಿಪ್ಪತ್ತು ಸಾಲಿನ ಮಗಳು ಕ್ಲಾಸ್, ಮುಗಿಯಿತು. ಚೆನ್ನಾಗಿತ್ತು. ಈಗಲೂ ಅದು ಒಳ್ಳೆಯ ಕೋಡ್ ಅಂತಲೇ ನನ್ನ ಅಭಿಪ್ರಾಯ.

ಕೆಟ್ಟದ್ದು ಆಮೇಲೆ. ಪ್ರೋಗ್ರಾಮಿನ ಉಳಿದ ಭಾಗಗಳು, ಅಂದರೆ ಯಾವಾಗ ಓಡಿಸಬೇಕು ಅಂತ ನೋಡುವ ಕೋಡ್, ಎಷ್ಟು ಮುಗಿಯಿತು ಅಂತ ಪರದೆಗೆ ತೋರಿಸುವ ಕೋಡ್, ಎಲ್ಲವೂ ಇದೇ ಕ್ಲಾಸಿನ ಹೆಸರು ಹಿಡಿದು ಮಾತಾಡಲು ಶುರು ಮಾಡಿದವು. ಅವುಗಳಿಗೆ ಕೊಡಲು ಬೇರೆ ಹೆಸರೇ ಇರಲಿಲ್ಲ. ಒಂದು ದಿನ ಫೈಲೇ ಇಲ್ಲದ ಡೇಟಾ ಬಂತು. ನೆಟ್‌ವರ್ಕ್ ಮೂಲಕ ಒಂದೊಂದೇ ದಾಖಲೆ ಬಂದು ಬೀಳುತ್ತದೆ. ತೆರೆಯಲು ಫೈಲ್ ಇಲ್ಲ, ಓದಲು ಸಾಲಿಲ್ಲ. ಆದರೆ ಓಡಿಸುವ ಕೋಡಿಗೆ ಫೈಲ್ ಆಮದು ಬಿಟ್ಟು ಬೇರೇನೂ ಗೊತ್ತಿಲ್ಲ. ಸರಿ, ಅದರ ಮಗಳಾಗಿಯೇ ಇನ್ನೊಂದು ಕ್ಲಾಸ್ ಬರೆದೆವು. ತೆರೆಯುವ ಮೆಥಡ್ ಖಾಲಿ. ಮುಚ್ಚುವ ಮೆಥಡ್ ಖಾಲಿ. ಫೈಲಿನ ಗಾತ್ರ ಕೇಳಿದರೆ ಸುಮ್ನೆ ಸೊನ್ನೆ. ಆ ಸೊನ್ನೆಯಿಂದ ಭಾಗಿಸಿ ಶೇಕಡ ತೋರಿಸುವ ಕೋಡ್ ಬಿದ್ದುಹೋಯಿತು. ಅದಕ್ಕೆ ತಾಯಿ ಕ್ಲಾಸಿನಲ್ಲಿ ‘ಇದು ನಿಜವಾದ ಫೈಲಾ’ ಅಂತ ಒಂದು ಬೂಲಿಯನ್, ಅಂದರೆ ಹೌದು ಅಥವಾ ಇಲ್ಲ ಅನ್ನುವ ಗುರುತು, ಸೇರಿಸಿದೆವು. ತೇಪೆಯ ಮೇಲೆ ತೇಪೆ. ಒಂದು ವರ್ಷ ಕಳೆಯುವಷ್ಟರಲ್ಲಿ ಅಂಥ ಬೂಲಿಯನ್ ನಾಲ್ಕಾಗಿದ್ದವು, ಮತ್ತು ಆ ತಾಯಿಯನ್ನು ಮುಟ್ಟಲು ಎಲ್ಲರಿಗೂ ಭಯ.

ಕೊನೆಗೆ ಒಂದು ಮಧ್ಯಾಹ್ನ ಕೂತು ನೋಡಿದೆವು. ಓಡಿಸುವ ಕೋಡ್ ಈ ತಾಯಿ ಕ್ಲಾಸಿನ ಯಾವ ಮೆಥಡ್‌ಗಳನ್ನು ನಿಜವಾಗಿ ಕರೆಯುತ್ತದೆ? ಎರಡೇ ಎರಡು. ಮುಂದಿನ ದಾಖಲೆ ಕೊಡು, ಮತ್ತು ಕೆಲಸ ನಿಲ್ಲಿಸು. ಅಷ್ಟೇ! ಫೈಲು, ಸಾಲು, ಗಾತ್ರ ಎಲ್ಲ ಒಳಮನೆಯ ವಿಷಯ, ಹೊರಗಿನವರಿಗೆ ಬೇಕಾಗಿಯೇ ಇರಲಿಲ್ಲ. (ಶೇಕಡ ತೋರಿಸುವುದಕ್ಕೆ ಗಾತ್ರ ಬೇಕಲ್ಲ ಅಂತ ನೀವು ಕೇಳಬಹುದು. ಅದನ್ನು ತೆಗೆದು ಎಷ್ಟು ದಾಖಲೆ ಆಯಿತು ಅಂತ ತೋರಿಸಿದೆವು, ಯಾರೂ ತಕರಾರು ಮಾಡಲಿಲ್ಲ.) ಆ ಎರಡು ಮೆಥಡ್ ಇರುವ ಒಂದು ಇಂಟರ್‌ಫೇಸ್ ಬರೆದು ದಾಖಲೆ ಮೂಲ ಅಂತ ಹೆಸರಿಟ್ಟೆವು. ಫೈಲ್ ಆಮದು ಅದನ್ನು ಇಂಪ್ಲಿಮೆಂಟ್ ಮಾಡಿತು. ನೆಟ್‌ವರ್ಕ್ ಕ್ಲಾಸ್ ತಾಯಿಯ ಮನೆ ಬಿಟ್ಟು ತಾನೇ ನೇರವಾಗಿ ಇಂಪ್ಲಿಮೆಂಟ್ ಮಾಡಿತು. ನಾಲ್ಕೂ ಬೂಲಿಯನ್ ಹೋದವು.

ಅವತ್ತು ತಲೆಗೆ ಹೊಳೆದ ಮಾತನ್ನೇ ಇವತ್ತು ಹೇಳಲು ಬಂದಿದ್ದೇನೆ. ಈ ಎರಡರಲ್ಲಿ ಯಾವುದು ಅಂತ ಯೋಚಿಸುವಾಗ ಬಾಡಿ ಇದೆಯಾ ಇಲ್ವಾ ಅಂತ ನೋಡಬೇಡಿ. ಇದನ್ನು ಯಾರಿಗೋಸ್ಕರ ಬರೆಯುತ್ತಿದ್ದೇನೆ ಅಂತ ಕೇಳಿಕೊಳ್ಳಿ. ಆಬ್ಜೆಕ್ಟನ್ನು ಹೊರಗಿನಿಂದ ಕರೆಯುವವರಿಗಾದರೆ ಇಂಟರ್‌ಫೇಸ್. ಮುಂದೆ ಇಂಥದ್ದೇ ಇನ್ನೊಂದು ಕ್ಲಾಸ್ ಬರೆಯಲು ಕೂರುವವರ ಕೆಲಸ ಹಗುರ ಮಾಡಲಿಕ್ಕಾದರೆ ಅಬ್‌ಸ್ಟ್ರಾಕ್ಟ್ ಕ್ಲಾಸ್. ಓದುವವರು ಬೇರೆ, ಆದ್ದರಿಂದ ಒಂದು ಇನ್ನೊಂದರ ಬದಲಿ ಅಲ್ಲ. ಎಷ್ಟೋ ಸಲ ಎರಡೂ ಬೇಕು.

ಎರಡೂ ಬೇಕು ಅನ್ನುವುದಕ್ಕೆ ಜಾವಾದ ಲಿಸ್ಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಲಿಸ್ಟ್ ಒಂದು ಇಂಟರ್‌ಫೇಸ್. ಅದರ ಪಕ್ಕದಲ್ಲೇ ಅಬ್‌ಸ್ಟ್ರಾಕ್ಟ್‌ಲಿಸ್ಟ್ ಅಂತ ಒಂದು ಅಬ್‌ಸ್ಟ್ರಾಕ್ಟ್ ಕ್ಲಾಸ್ ಇದೆ. ದಿನಾ ಜಾವಾ ಬರೆಯುವವರಲ್ಲೂ ಅದರ ಹೆಸರನ್ನು ಟೈಪ್ ಮಾಡಿದವರು ಕಡಿಮೆ. ಅದು ಸರಿಯೇ, ಅದು ಕರೆಯುವವರಿಗೆ ಅಲ್ಲವೇ ಅಲ್ಲ. ಈಗ ನೋಡಿ. ಬದಲಾಯಿಸಲಾಗದ ಒಂದು ಪಟ್ಟಿ ನಿಮಗೆ ಬೇಕು ಅಂದುಕೊಳ್ಳಿ. ಅಬ್‌ಸ್ಟ್ರಾಕ್ಟ್‌ಲಿಸ್ಟನ್ನು ಎಕ್ಸ್‌ಟೆಂಡ್ ಮಾಡಿ ಎರಡೇ ಮೆಥಡ್ ಬರೆದರೆ ಸಾಕು, ಗೆಟ್ ಮತ್ತು ಸೈಜ್. ಗೆಟ್‌ನಲ್ಲಿ, ಕೊಟ್ಟ ಸ್ಥಾನದ ಎರಡರಷ್ಟನ್ನು ವಾಪಸ್ ಕೊಡು ಅಂತ ಬರೆಯಿರಿ. ಸೈಜ್‌ನಲ್ಲಿ 10 ಲಕ್ಷ ಅಂತ ಬರೆಯಿರಿ. ನಿಮ್ಮ ಕೈಯಲ್ಲೀಗ 10 ಲಕ್ಷ ಸಮಸಂಖ್ಯೆಗಳ ಪಟ್ಟಿ ಇದೆ. ಮೆಮೊರಿಯಲ್ಲಿ ಒಂದು ಸಂಖ್ಯೆಯನ್ನೂ ಕೂಡಿಟ್ಟಿಲ್ಲ. ಆದರೂ ಫಾರ್ ಲೂಪ್ ಓಡುತ್ತದೆ. ಇಂಡೆಕ್ಸ್‌ಆಫ್ ಕೆಲಸ ಮಾಡುತ್ತದೆ, ಕಂಟೇನ್ಸ್ ಕೆಲಸ ಮಾಡುತ್ತದೆ (ಒಂದೊಂದೇ ನೋಡುತ್ತಾ ಹೋಗುವುದರಿಂದ ನಿಧಾನ, ಆದರೆ ಸರಿಯಾದ ಉತ್ತರ). ಸಬ್‌ಲಿಸ್ಟ್ ಕೇಳಿದರೆ ತುಂಡು ಕೊಡುತ್ತದೆ. ಇನ್ನೊಂದು ಲಿಸ್ಟ್ ಜೊತೆ ಸಮ ಇದೆಯಾ ಅಂತ ಹೋಲಿಸಬಹುದು. ಇಷ್ಟನ್ನೂ ನೀವು ಬರೆದಿಲ್ಲ, ಆ ಅರ್ಧ ಮುಗಿದ ಕ್ಲಾಸ್ ನಿಮ್ಮ ಎರಡು ಮೆಥಡ್‌ಗಳ ಮೇಲೆ ನಿಂತು ಮಾಡಿಕೊಟ್ಟಿತು. ನಿಮ್ಮ ಪಟ್ಟಿಯನ್ನು ಬಳಸುವವರು ಲಿಸ್ಟ್ ಅಂತ ಮಾತ್ರ ನೋಡುತ್ತಾರೆ, ಒಳಗಡೆ ಯಾರ ಸಹಾಯ ಸಿಕ್ಕಿತು ಅಂತ ಅವರಿಗೆ ಗೊತ್ತೂ ಆಗುವುದಿಲ್ಲ, ಬೇಕಾಗಿಯೂ ಇಲ್ಲ.

ಈ ಬುದ್ಧಿ ಜಾವಾಗೂ ಮೊದಲ ದಿನವೇ ಬಂದದ್ದಲ್ಲ. 1996ರ ಮೊದಲ ಆವೃತ್ತಿಯಲ್ಲಿ ಕೀಲಿ ಕೊಟ್ಟರೆ ಮೌಲ್ಯ ಕೊಡುವ ಕೆಲಸಕ್ಕೆ ಡಿಕ್ಷನರಿ ಅಂತ ಒಂದು ಅಬ್‌ಸ್ಟ್ರಾಕ್ಟ್ ಕ್ಲಾಸ್ ಇತ್ತು. ಅದರ ಮೆಥಡ್‌ಗಳೆಲ್ಲ ಅಬ್‌ಸ್ಟ್ರಾಕ್ಟ್. ಹಂಚಿಕೊಳ್ಳಲು ಒಂದು ಸಾಲು ಕೋಡ್ ಇಲ್ಲ. ಅಂದರೆ ಕ್ಲಾಸಿನ ವೇಷ ಹಾಕಿದ ಇಂಟರ್‌ಫೇಸ್. ಅದರ ಮಗಳಾಗಬೇಕಾದರೆ ನಿಮ್ಮ ಕ್ಲಾಸ್ ತನಗಿರುವ ಒಂದೇ ಎಕ್ಸ್‌ಟೆಂಡ್ಸ್ ಜಾಗವನ್ನು ಬಿಟ್ಟುಕೊಡಬೇಕು, ಅದಕ್ಕೆ ಬದಲಾಗಿ ಸಿಗುವುದು ಏನೂ ಇಲ್ಲ. 1998ರಲ್ಲಿ ಜಾವಾ 1.2 ಬಂದಾಗ ಮ್ಯಾಪ್ ಅನ್ನುವ ಇಂಟರ್‌ಫೇಸ್ ತಂದರು. ಜೊತೆಗೆ ಬರೆಯುವವರಿಗೆ ಅಂತ ಅಬ್‌ಸ್ಟ್ರಾಕ್ಟ್‌ಮ್ಯಾಪ್ ಕೊಟ್ಟರು. ಡಿಕ್ಷನರಿ ಇವತ್ತಿಗೂ ಅಲ್ಲೇ ಇದೆ. ಇದು ಹಳತಾಯಿತು, ಹೊಸದಾಗಿ ಬರೆಯುವವರು ಮ್ಯಾಪನ್ನೇ ಇಂಪ್ಲಿಮೆಂಟ್ ಮಾಡಿ ಅಂತ ಅದರ ಡಾಕ್ಯುಮೆಂಟೇಶನ್ನೇ ಹೇಳುತ್ತದೆ. ಲೈಬ್ರರಿಯಲ್ಲಿ ಒಮ್ಮೆ ಹೊರಗೆ ಬಿಟ್ಟ ಕ್ಲಾಸನ್ನು ವಾಪಸ್ ತೆಗೆದುಕೊಳ್ಳುವುದು ಎಷ್ಟು ಕಷ್ಟ ನೋಡಿ.

ಇದಕ್ಕೆ ಉಲ್ಟಾ ಇರುವ ಒಂದು ಪ್ರಾಣಿಯೂ ಇದೆ. ಕ್ಷಮಿಸಿ, ಪ್ರಾಣಿ ಬರುವುದಿಲ್ಲ ಅಂದಿದ್ದೆ, ಆದರೆ ಇದರ ಹೆಸರಲ್ಲೇ ಇಲಿ ಇದೆ. ಜಾವಾದ ಮೌಸ್‌ಲಿಸನರ್ ಇಂಟರ್‌ಫೇಸ್‌ನಲ್ಲಿ ಐದು ಮೆಥಡ್: ಕ್ಲಿಕ್ ಆಯಿತು, ಒತ್ತಿದರು, ಬಿಟ್ಟರು, ಒಳಗೆ ಬಂತು, ಹೊರಗೆ ಹೋಯಿತು. ನಮಗೆ ಬೇಕಾಗುವುದು ಹೆಚ್ಚಾಗಿ ಕ್ಲಿಕ್ ಒಂದೇ, ಉಳಿದ ನಾಲ್ಕನ್ನು ಖಾಲಿ ಬರೆಯುತ್ತಾ ಕೂರಬೇಕು. ಅದಕ್ಕೇ ಮೌಸ್‌ಅಡಾಪ್ಟರ್ ಅಂತ ಒಂದು ಅಬ್‌ಸ್ಟ್ರಾಕ್ಟ್ ಕ್ಲಾಸ್ ಇದೆ. ಅದರಲ್ಲಿ ಅಬ್‌ಸ್ಟ್ರಾಕ್ಟ್ ಮೆಥಡ್ ಒಂದೂ ಇಲ್ಲ! ಎಲ್ಲದಕ್ಕೂ ಖಾಲಿ ಬಾಡಿ. ಹಾಗಾದರೆ ಅದನ್ನು ಅಬ್‌ಸ್ಟ್ರಾಕ್ಟ್ ಅಂದದ್ದು ಯಾಕೆ? ಏನೂ ಮಾಡದ ಆಬ್ಜೆಕ್ಟ್ ಮಾಡಿಕೊಂಡು ಯಾರಿಗೂ ಪ್ರಯೋಜನವಿಲ್ಲ, ಅದಕ್ಕೆ. ಅಬ್‌ಸ್ಟ್ರಾಕ್ಟ್ ಮೆಥಡ್ ಇದ್ದರೆ ಕ್ಲಾಸ್ ಅಬ್‌ಸ್ಟ್ರಾಕ್ಟ್ ಆಗಲೇಬೇಕು. ಕ್ಲಾಸ್ ಅಬ್‌ಸ್ಟ್ರಾಕ್ಟ್ ಆಗಿದ್ದ ಮಾತ್ರಕ್ಕೆ ಅಂಥ ಮೆಥಡ್ ಇರಲೇಬೇಕು ಅಂತೇನಿಲ್ಲ.

ಈಗ ಅಬ್‌ಸ್ಟ್ರಾಕ್ಟ್ ಕ್ಲಾಸಿನ ಒಂದು ಹೊಂಡ ತೋರಿಸುತ್ತೇನೆ. ಇದರಲ್ಲಿ ನಾನು ಅರ್ಧ ದಿನ ಬಿದ್ದಿದ್ದೆ. ಅದೇ ಫೈಲ್ ಆಮದು ಕ್ಲಾಸು. ಮಗಳು ಕ್ಲಾಸ್ ತನ್ನ ಕಾಲಂ ಹೆಸರುಗಳನ್ನು ಮೊದಲೇ ತುಂಬಿಕೊಳ್ಳಲಿ ಅಂತ ‘ತಯಾರಾಗು’ ಅನ್ನುವ ಅಬ್‌ಸ್ಟ್ರಾಕ್ಟ್ ಮೆಥಡ್ ಇಟ್ಟು, ಅದನ್ನು ತಾಯಿಯ ಕನ್‌ಸ್ಟ್ರಕ್ಟರ್‌ನಲ್ಲೇ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಕರೆದೆ. ಎಷ್ಟು ಜಾಣತನ ಅಂದುಕೊಂಡಿದ್ದೆ. ಮಗಳಲ್ಲಿ ಕಾಲಂಗಳು ಅಂತ ಒಂದು ಫೀಲ್ಡ್ (ಆಬ್ಜೆಕ್ಟ್ ತನ್ನ ಡೇಟಾ ಇಟ್ಟುಕೊಳ್ಳುವ ಜಾಗ), ಅದಕ್ಕೆ ಅಲ್ಲೇ ಒಂದು ಖಾಲಿ ಅರೇಲಿಸ್ಟ್ ಕೊಟ್ಟಿದ್ದೆ. ತಯಾರಾಗು ಮೆಥಡ್ ಅದಕ್ಕೆ ಹೆಸರು ಸೇರಿಸುತ್ತದೆ. ಓಡಿಸಿದೆ, ನಲ್ ಪಾಯಿಂಟರ್ ಎಕ್ಸೆಪ್ಶನ್, ಅಂದರೆ ಆ ಫೀಲ್ಡಿನಲ್ಲಿ ಏನೂ ಇಲ್ಲ ಅನ್ನುವ ಎರರ್. ಖಾಲಿ ಲಿಸ್ಟ್ ಕೊಟ್ಟಿದ್ದೇನಲ್ಲ, ನಲ್ ಹೇಗೆ? ಕಾರಣ ಇದು: ಜಾವಾದಲ್ಲಿ ತಾಯಿಯ ಕನ್‌ಸ್ಟ್ರಕ್ಟರ್ ಪೂರ್ತಿ ಮುಗಿದ ಮೇಲೆಯೇ ಮಗಳ ಫೀಲ್ಡ್‌ಗಳಿಗೆ ಬೆಲೆ ಸೇರುವುದು. ತಾಯಿ ಕರೆದ ಹೊತ್ತಿಗೆ ಮಗಳ ಮೆಥಡ್ ಇದೆ, ಮಗಳ ಫೀಲ್ಡ್ ಇನ್ನೂ ತಯಾರಾಗಿಲ್ಲ.

ಅವತ್ತು ಇದು ತಲೆಗೆ ಹತ್ತಲಿಲ್ಲ. ನಲ್ ತಾನೇ ತೊಂದರೆ ಅಂತ ತಯಾರಾಗು ಮೆಥಡ್ ಒಳಗೇ ಹೊಸ ಲಿಸ್ಟ್ ಮಾಡಿ ಅದಕ್ಕೆ ಹೆಸರು ತುಂಬಿದೆ. ಎಕ್ಸೆಪ್ಶನ್ ಹೋಯಿತು. ಖುಷಿಯಾಯಿತು. ಆದರೆ ಡೇಟಾಬೇಸ್‌ಗೆ ಹೋಗುವ ದಾಖಲೆಗಳಲ್ಲಿ ಕಾಲಮ್ಮೇ ಇಲ್ಲ, ಎಲ್ಲ ಖಾಲಿ. ಎಲ್ಲೂ ಎರರ್ ಇಲ್ಲ. ಆಗಿದ್ದು ಏನು ಗೊತ್ತಾ? ತಾಯಿ ಕರೆದಳು, ಮಗಳು ಲಿಸ್ಟ್ ಮಾಡಿ ತುಂಬಿದಳು, ತಾಯಿಯ ಕನ್‌ಸ್ಟ್ರಕ್ಟರ್ ಮುಗಿಯಿತು, ಆಮೇಲೆ ಮಗಳ ಫೀಲ್ಡಿನ ಸರದಿ ಬಂತು, ಅಲ್ಲಿ ಬರೆದಿದ್ದ ಖಾಲಿ ಅರೇಲಿಸ್ಟ್ ಬಂದು ತುಂಬಿದ ಲಿಸ್ಟಿನ ಜಾಗದಲ್ಲಿ ಕೂತುಬಿಟ್ಟಿತು. ಮೊದಲನೇ ತಪ್ಪು ಕೂಗಿ ಹೇಳಿತ್ತು, ನನ್ನ ರಿಪೇರಿ ಅದರ ಬಾಯಿ ಮುಚ್ಚಿಸಿತು. ಸಿ ಶಾರ್ಪ್ ಭಾಷೆಯಲ್ಲಿ ಮಗಳ ಫೀಲ್ಡ್‌ಗಳಿಗೆ ತಾಯಿಯ ಕನ್‌ಸ್ಟ್ರಕ್ಟರ್‌ಗಿಂತ ಮೊದಲೇ ಬೆಲೆ ಸೇರುತ್ತದೆ, ಆದ್ದರಿಂದ ಇದೇ ಕೋಡ್ ಅಲ್ಲಿ ಬೇರೆ ಥರ ನಡೆದುಕೊಳ್ಳುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಂತೂ ತಾಯಿಯ ಕನ್‌ಸ್ಟ್ರಕ್ಟರ್ ಓಡುವಾಗ ಮಗಳು ಇನ್ನೂ ಹುಟ್ಟೇ ಇಲ್ಲ ಅಂತ ಲೆಕ್ಕ, ಮಗಳ ಮೆಥಡ್‌ಗೆ ಕರೆ ಹೋಗುವುದೇ ಇಲ್ಲ. ಯಾವ ಭಾಷೆಯಾದರೂ ಸರಿ, ಕನ್‌ಸ್ಟ್ರಕ್ಟರ್‌ನಲ್ಲಿ ಅಬ್‌ಸ್ಟ್ರಾಕ್ಟ್ ಮೆಥಡ್ ಕರೆಯಬೇಡಿ. ಇಂಟರ್‌ಫೇಸ್‌ಗೆ ಈ ಗೋಳಿಲ್ಲ, ಅದಕ್ಕೆ ಕನ್‌ಸ್ಟ್ರಕ್ಟರ್ರೇ ಇಲ್ಲವಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ತಾಯಿ ಹೆಸರಿಡುವುದು, ಮಗಳು ಬಾಡಿ ಬರೆಯುವುದು ಅನ್ನುವ ಯೋಚನೆ ನಾರ್ವೆಯ ಸಿಮ್ಯುಲಾ 67 ಭಾಷೆಯಷ್ಟು ಹಳೆಯದು. ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಅದನ್ನು ಕಟ್ಟಿದವರು. ಮಗಳು ತನ್ನದೇ ಬಾಡಿ ಬರೆಯಬಹುದಾದ ಮೆಥಡ್‌ಗೆ ಹಾಕುವ ವರ್ಚುವಲ್ ಅನ್ನುವ ಪದವನ್ನು, ಸಿ ಪ್ಲಸ್ ಪ್ಲಸ್ ಭಾಷೆ ಕಟ್ಟಿದ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅಲ್ಲಿಂದಲೇ ತಮ್ಮ ಭಾಷೆಗೆ ತಂದರು. 1989ರ 2.0 ಆವೃತ್ತಿಯಲ್ಲಿ ಬಾಡಿ ಇಲ್ಲದ ವರ್ಚುವಲ್ ಫಂಕ್ಷನ್ ಬಂತು. ಅದನ್ನು ಬರೆಯುವುದು ಹೇಗೆ ಅಂದರೆ ಕೊನೆಯಲ್ಲಿ = 0 ಅಂತ ಹಾಕುವುದು. ನೋಡಿದವರಿಗೆಲ್ಲ ವಿಚಿತ್ರ ಅನಿಸುತ್ತದೆ. ಬಿಡುಗಡೆ ಹತ್ತಿರ ಬಂದಿತ್ತು, ಆ ಹೊತ್ತಿನಲ್ಲಿ ಹೊಸ ಕೀವರ್ಡ್ ಅಂದರೆ ಯಾರೂ ಒಪ್ಪುವುದಿಲ್ಲ ಅಂತ ಅವರಿಗೆ ಗೊತ್ತಿತ್ತು, ಹೀಗಾಗಿ ಇರುವ ಚಿಹ್ನೆಗಳಲ್ಲೇ ಹೊಂದಿಸಿಕೊಂಡರು. ಆ ಗಡಿಬಿಡಿಯ ಸೊನ್ನೆಯನ್ನು ನಾವು ಇವತ್ತಿಗೂ ಟೈಪ್ ಮಾಡುತ್ತಿದ್ದೇವೆ.

ಸಿ ಪ್ಲಸ್ ಪ್ಲಸ್‌ನಲ್ಲಿ ಇಂಟರ್‌ಫೇಸ್ ಅನ್ನುವ ಬೇರೆ ವಸ್ತುವೇ ಇಲ್ಲ. ಎಲ್ಲ ಫಂಕ್ಷನ್‌ಗೂ = 0 ಹಾಕಿದರೆ ಅದೇ ಇಂಟರ್‌ಫೇಸ್. ಒಂದು ಕ್ಲಾಸಿಗೆ ಎಷ್ಟು ತಾಯಂದಿರು ಬೇಕಾದರೂ ಇರಬಹುದು. ಅದರ ಜೊತೆ ವಜ್ರದ ಸಮಸ್ಯೆಯೂ ಬರುತ್ತದೆ: ಇಬ್ಬರು ತಾಯಂದಿರಿಗೂ ಒಬ್ಬಳೇ ಅಜ್ಜಿಯಾದರೆ, ಅಜ್ಜಿಯ ಫೀಲ್ಡ್ ಮೊಮ್ಮಗಳಲ್ಲಿ ಒಂದು ಸಲ ಇರಬೇಕಾ ಎರಡು ಸಲ ಇರಬೇಕಾ? ಜಾವಾ ಮಾಡಿದವರಿಗೆ ಈ ತಲೆನೋವು ಬೇಡವಾಗಿತ್ತು. ಆಬ್ಜೆಕ್ಟಿವ್ ಸಿ ಭಾಷೆಯ ಪ್ರೋಟೊಕಾಲ್ ಅನ್ನುವ ಯೋಚನೆಯನ್ನು ತಂದು ಇಂಟರ್‌ಫೇಸ್ ಅಂತ ಕರೆದರು. ಡೇಟಾ ಬೇಕಾದರೆ ಒಬ್ಬಳೇ ತಾಯಿ. ಬರೀ ಮಾತು ಕೊಡುವುದಾದರೆ ಎಷ್ಟು ಜನಕ್ಕೆ ಬೇಕಾದರೂ ಕೊಡಿ.

ಮಾತು ಕೊಡುವುದು ಅಂದೆ ನೋಡಿ, ಅಲ್ಲೇ ಇಂಟರ್‌ಫೇಸಿನ ನೋವೂ ಇದೆ. ಕೊಟ್ಟ ಮಾತಿಗೆ ಆಮೇಲೆ ಒಂದು ಸಾಲು ಸೇರಿಸುವ ಹಾಗಿಲ್ಲ. ಅಬ್‌ಸ್ಟ್ರಾಕ್ಟ್ ಕ್ಲಾಸ್‌ಗೆ ಬಾಡಿ ಇರುವ ಹೊಸ ಮೆಥಡ್ ಸೇರಿಸಿದರೆ ಎಲ್ಲ ಮಕ್ಕಳಿಗೂ ಸುಮ್ನೆ ಸಿಗುತ್ತದೆ. ಇಂಟರ್‌ಫೇಸ್‌ಗೆ ಸೇರಿಸಿದರೆ, ಅದನ್ನು ಇಂಪ್ಲಿಮೆಂಟ್ ಮಾಡಿದ ಪ್ರತಿ ಕ್ಲಾಸೂ ಕಂಪೈಲ್ ಆಗುವುದು ನಿಲ್ಲುತ್ತದೆ. ಡೇಟಾಬೇಸ್ ಜೊತೆ ಮಾತಾಡಲು ಜಾವಾದಲ್ಲಿ ಕನೆಕ್ಷನ್ ಅನ್ನುವ ಇಂಟರ್‌ಫೇಸ್ ಇದೆ, ಡೇಟಾಬೇಸ್ ಮಾಡುವವರು ತಮ್ಮ ತಮ್ಮ ಡ್ರೈವರ್‌ನಲ್ಲಿ ಅದನ್ನು ಇಂಪ್ಲಿಮೆಂಟ್ ಮಾಡುತ್ತಾರೆ. 2006ರಲ್ಲಿ ಬಂದ ಜಾವಾ 6ರಲ್ಲಿ ಅದಕ್ಕೆ ಈಸ್‌ವ್ಯಾಲಿಡ್ ಅನ್ನುವ ಮೆಥಡ್ ಸೇರಿತು. ಅದಕ್ಕೂ ಮೊದಲು ಕಂಪೈಲ್ ಆಗಿದ್ದ ಡ್ರೈವರ್‌ಗಳಲ್ಲಿ ಅದು ಇಲ್ಲ. ತಮಾಷೆ ಏನೆಂದರೆ ಆ ಹಳೆಯ ಡ್ರೈವರ್ ಲೋಡ್ ಆಗುತ್ತದೆ, ಕನೆಕ್ಷನ್ ಕೊಡುತ್ತದೆ, ಕ್ವೆರಿಯನ್ನೂ ಓಡಿಸುತ್ತದೆ. ಯಾರೋ ಈಸ್‌ವ್ಯಾಲಿಡ್ ಕರೆದ ಕ್ಷಣ ಅಬ್‌ಸ್ಟ್ರಾಕ್ಟ್‌ಮೆಥಡ್‌ಎರರ್ ಅಂತ ಬೀಳುತ್ತದೆ. ಹೆಸರು ಮುದ್ದಾಗಿದೆ ಅಲ್ವಾ? ರಾತ್ರಿ ಹೊತ್ತು ಲಾಗ್‌ನಲ್ಲಿ ನೋಡಿದರೆ ಮುದ್ದಾಗಿ ಕಾಣುವುದಿಲ್ಲ.

ಈಗ 2014ರ ಕಥೆ. ಜಾವಾ 8ರಲ್ಲಿ ಲ್ಯಾಂಬ್ಡಾ, ಅಂದರೆ ಹೆಸರಿಡದೆ ಇದ್ದಲ್ಲೇ ಬರೆಯುವ ಪುಟ್ಟ ಫಂಕ್ಷನ್, ಬಂತು. ಅದರ ಜೊತೆ ಕಲೆಕ್ಷನ್‌ಗೆ ಸ್ಟ್ರೀಮ್ ಅಂತಲೂ, ಇಟರಬಲ್‌ಗೆ ಫಾರ್‌ಈಚ್ ಅಂತಲೂ ಮೆಥಡ್ ಬೇಕಾಯಿತು. ಎರಡೂ ಇಂಟರ್‌ಫೇಸ್‌ಗಳು. ಅವನ್ನು ಇಂಪ್ಲಿಮೆಂಟ್ ಮಾಡಿದ ಕ್ಲಾಸ್‌ಗಳು ಪ್ರಪಂಚದ ತುಂಬ ಇವೆ. ಸುಮ್ಮನೆ ಸೇರಿಸಿದ್ದರೆ ಆ ಕ್ಲಾಸ್‌ಗಳೆಲ್ಲ ಮುರಿಯುತ್ತಿದ್ದವು. ಅದಕ್ಕೇ ಡಿಫಾಲ್ಟ್ ಮೆಥಡ್ ತಂದರು: ಇಂಟರ್‌ಫೇಸ್‌ನಲ್ಲೇ ಒಂದು ಬಾಡಿ ಇರುತ್ತದೆ, ಕ್ಲಾಸ್ ಬರೆದಿಲ್ಲವಾದರೆ ಅದನ್ನೇ ಬಳಸು. ಬೇಕಿದ್ದದ್ದು ಹಳೆಯ ಕೋಡ್ ಒಡೆಯದೆ ಹೊಸದನ್ನು ಸೇರಿಸುವ ದಾರಿ, ಅಬ್‌ಸ್ಟ್ರಾಕ್ಟ್ ಕ್ಲಾಸಿಗೆ ಬದಲಿ ಅಲ್ಲ. ಸಿ ಶಾರ್ಪ್ ಕೂಡ 2019ರಲ್ಲಿ ಇದೇ ದಾರಿ ಹಿಡಿಯಿತು.

ಹಾಗಾದರೆ ವಜ್ರದ ಸಮಸ್ಯೆ ವಾಪಸ್ ಬಂತಲ್ಲ ಅಂತ ಕೇಳುತ್ತೀರಿ. ಅರ್ಧ ಬಂತು. ಎರಡು ಇಂಟರ್‌ಫೇಸ್ ಒಂದೇ ಹೆಸರಿನ ಡಿಫಾಲ್ಟ್ ಕೊಟ್ಟರೆ ಕಂಪೈಲರ್ ಮುಲಾಜಿಲ್ಲದೆ ನಿಲ್ಲಿಸುತ್ತದೆ, ನೀವೇ ಬರೆದು ಬಗೆಹರಿಸಿ ಅನ್ನುತ್ತದೆ. ತಾಯಿ ಕ್ಲಾಸಿನಲ್ಲೇ ಅದೇ ಮೆಥಡ್ ಇದ್ದರೆ ಕ್ಲಾಸಿನದೇ ಗೆಲ್ಲುತ್ತದೆ. ಫೀಲ್ಡ್ ಜಗಳ ಮಾತ್ರ ಬರುವುದಿಲ್ಲ. ಇಂಟರ್‌ಫೇಸ್‌ನಲ್ಲಿ ಬರೆದ ಫೀಲ್ಡ್ ತಾನಾಗಿಯೇ ಪಬ್ಲಿಕ್ ಸ್ಟ್ಯಾಟಿಕ್ ಫೈನಲ್, ಅಂದರೆ ಎಲ್ಲರಿಗೂ ಸೇರಿ ಒಂದೇ, ಅದೂ ಬದಲಾಗದ್ದು. ಒಂದೊಂದು ಆಬ್ಜೆಕ್ಟಿಗೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಲು ಇಂಟರ್‌ಫೇಸ್‌ಗೆ ಜಾಗವೇ ಇಲ್ಲ. ಗಿಳಿಪಾಠದ ಎರಡನೇ ವಾಕ್ಯದ ಜೊತೆ ಇವತ್ತಿಗೂ ಉಳಿದಿರುವ ಗಟ್ಟಿ ವ್ಯತ್ಯಾಸ ಅಂದರೆ ಇದು, ಮತ್ತು ಕನ್‌ಸ್ಟ್ರಕ್ಟರ್.

ದಿನದ ಕೆಲಸದಲ್ಲಿ ತಟ್ಟುವ ಇನ್ನೊಂದು ವ್ಯತ್ಯಾಸ ಇದೆ. ಒಂದೇ ಅಬ್‌ಸ್ಟ್ರಾಕ್ಟ್ ಮೆಥಡ್ ಇರುವ ಇಂಟರ್‌ಫೇಸ್ ಆದರೆ ಅದರ ಜಾಗದಲ್ಲಿ ಲ್ಯಾಂಬ್ಡಾ ಬರೆಯಬಹುದು. ಅಬ್‌ಸ್ಟ್ರಾಕ್ಟ್ ಕ್ಲಾಸ್ ಆದರೆ ಆಗುವುದಿಲ್ಲ, ಅದರಲ್ಲೂ ಒಂದೇ ಮೆಥಡ್ ಬಾಕಿ ಇದ್ದರೂ ಸಹ. ರನ್ನಬಲ್ ಕೇಳುವಲ್ಲಿ ಒಂದು ಸಾಲು ಬರೆದು ಮುಗಿಸುತ್ತೀರಿ. ಟೈಮರ್‌ಟಾಸ್ಕ್ ಕೇಳುವಲ್ಲಿ ಬರೆಯಬೇಕಾದ್ದು ಅದೇ ರನ್ ಮೆಥಡ್, ಆದರೆ ಅದು ಅಬ್‌ಸ್ಟ್ರಾಕ್ಟ್ ಕ್ಲಾಸ್ ಆದ್ದರಿಂದ ಐದು ಸಾಲಿನ ಕ್ಲಾಸ್ ಬರೆಯಬೇಕು.

ಬೇರೆ ಭಾಷೆಯವರು ಏನು ಮಾಡುತ್ತಾರೆ ಅಂತ ಕೂಡ ನೋಡಿ, ನನ್ನ ಮಾತಿಗೆ ಅಲ್ಲಿ ಒಳ್ಳೆಯ ಸಾಕ್ಷಿ ಇದೆ. 2009ರಲ್ಲಿ ಬಂದ ಗೋ ಭಾಷೆಯಲ್ಲಿ ಇನ್‌ಹೆರಿಟೆನ್ಸ್ ಇಲ್ಲ, ಅಬ್‌ಸ್ಟ್ರಾಕ್ಟ್ ಕ್ಲಾಸೂ ಇಲ್ಲ. ಇಂಟರ್‌ಫೇಸ್ ಇದೆ, ಆದರೆ ‘ನಾನು ಇದನ್ನು ಇಂಪ್ಲಿಮೆಂಟ್ ಮಾಡುತ್ತೇನೆ’ ಅಂತ ಬರೆಯುವ ಪದ್ಧತಿಯೇ ಇಲ್ಲ. ಮೆಥಡ್‌ಗಳು ಹೊಂದಿದರೆ ಆಯಿತು. ರೀಡರ್ ಅನ್ನುವ ಇಂಟರ್‌ಫೇಸ್‌ನಲ್ಲಿ ಇರುವುದು ರೀಡ್ ಅನ್ನುವ ಒಂದೇ ಮೆಥಡ್. ಫೈಲಿಗೂ ಅದು ಇದೆ, ನೆಟ್‌ವರ್ಕ್ ಕನೆಕ್ಷನ್‌ಗೂ ಇದೆ, ಕುಗ್ಗಿಸಿಟ್ಟ ಡೇಟಾ ಬಿಚ್ಚುವುದಕ್ಕೂ ಇದೆ. ಇದರಿಂದ ಗೋ ಬರೆಯುವವರಲ್ಲಿ ಒಂದು ಅಭ್ಯಾಸ ಬೆಳೆದಿದೆ: ಇಂಟರ್‌ಫೇಸನ್ನು ಟೈಪ್ ಬರೆದವರ ಪ್ಯಾಕೇಜ್‌ನಲ್ಲಿ ಇಡುವುದಿಲ್ಲ, ಬಳಸುವವರು ತಮ್ಮ ಪ್ಯಾಕೇಜ್‌ನಲ್ಲಿ ತಮಗೆ ಬೇಕಾದಷ್ಟೇ ಬರೆದುಕೊಳ್ಳುತ್ತಾರೆ. ಕರೆಯುವವರದ್ದೇ ಇಂಟರ್‌ಫೇಸ್ ಅನ್ನುವುದನ್ನು ಇದಕ್ಕಿಂತ ನೇರವಾಗಿ ಹೇಳುವುದು ಹೇಗೆ? ಪೈಥಾನ್‌ನಲ್ಲಿ 2008ರಿಂದ ಅಬ್‌ಸ್ಟ್ರಾಕ್ಟ್ ಬೇಸ್ ಕ್ಲಾಸ್ ಇದೆ, ಬಾಕಿ ಮೆಥಡ್ ಬರೆಯದಿದ್ದರೆ ಆಬ್ಜೆಕ್ಟ್ ಮಾಡಲು ಹೋದಾಗ ಟೈಪ್‌ಎರರ್ ಕೊಡುತ್ತದೆ. 2019ರ 3.8 ಆವೃತ್ತಿಯಲ್ಲಿ ಪ್ರೋಟೊಕಾಲ್ ಕೂಡ ಬಂತು, ಅದು ಗೋ ಇಂಟರ್‌ಫೇಸಿನ ಹತ್ತಿರದ ನೆಂಟ.

ಇನ್ನು ಕಂಪೈಲರ್‌ಗೆ ಕಾಣದ ಒಂದು ವಿಷಯ. ಇಂಟರ್‌ಫೇಸ್‌ನಲ್ಲಿ ಬರೆದಿರುವ ಹೆಸರು ಮತ್ತು ಟೈಪ್ ಹೊಂದಿದ ಮಾತ್ರಕ್ಕೆ ಮಾತು ಉಳಿಸಿಕೊಂಡ ಹಾಗೆ ಆಗುವುದಿಲ್ಲ. 1987ರ ಒಂದು ಭಾಷಣದಲ್ಲಿ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಇದನ್ನು ಎತ್ತಿದರು, ಅವರ ಹೆಸರಿನಲ್ಲೇ ಈಗ ಆ ತತ್ವವನ್ನು ಕರೆಯುತ್ತೇವೆ. ತಾಯಿಯ ಜಾಗದಲ್ಲಿ ಮಗಳನ್ನು ಇಟ್ಟರೆ, ಕರೆಯುವ ಕೋಡಿಗೆ ಆಶ್ಚರ್ಯ ಆಗಬಾರದು. ನಮ್ಮ ಲಿಸ್ಟನ್ನೇ ನೋಡಿ. ಆ 10 ಲಕ್ಷ ಸಮಸಂಖ್ಯೆಯ ಪಟ್ಟಿಗೆ ಆ್ಯಡ್ ಮಾಡಿದರೆ ಅನ್‌ಸಪೋರ್ಟೆಡ್‌ಆಪರೇಶನ್ ಅಂತ ಎಕ್ಸೆಪ್ಶನ್ ಬರುತ್ತದೆ. ಲಿಸ್ಟ್ ಇಂಟರ್‌ಫೇಸ್‌ನಲ್ಲಿ ಆ್ಯಡ್ ಇದೆ, ಆದರೆ ಅದು ಐಚ್ಛಿಕ ಅಂತ ಡಾಕ್ಯುಮೆಂಟೇಶನ್‌ನಲ್ಲಿ ಬರೆದಿದ್ದಾರೆ. ನಿಯಮದ ಪ್ರಕಾರ ಸರಿ. ಆದರೂ ನನಗೆ ಇದು ಇಷ್ಟವಿಲ್ಲ. ಓದುವ ಲಿಸ್ಟ್ ಬೇರೆ, ಬದಲಾಯಿಸುವ ಲಿಸ್ಟ್ ಬೇರೆ ಅಂತ ಎರಡು ಇಂಟರ್‌ಫೇಸ್ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಕಾಟ್ಲಿನ್ ಭಾಷೆಯಲ್ಲಿ ಹಾಗೇ ಮಾಡಿದ್ದಾರೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ‘ನಮ್ಮ ಪ್ರಾಜೆಕ್ಟ್‌ನಲ್ಲಿ ಪ್ರತಿ ಕ್ಲಾಸಿಗೂ ಒಂದು ಇಂಟರ್‌ಫೇಸ್ ಬರೆಯಲೇಬೇಕು ಅಂತ ನಿಯಮ ಇದೆ, ಒಂದೇ ಇಂಪ್ಲಿಮೆಂಟೇಶನ್ ಇದ್ದರೂ. ನೀವೇನು ಹೇಳುತ್ತೀರಿ?’ ಬೇಡ ಅಂತ ಹೇಳುತ್ತೇನೆ. ಕ್ಲಾಸಿನ ಎಲ್ಲ ಮೆಥಡ್‌ಗಳನ್ನೂ ನಕಲು ಮಾಡಿ ಇಂಟರ್‌ಫೇಸ್ ಅಂತ ಹೆಸರಿಟ್ಟು, ಕ್ಲಾಸಿನ ಬಾಲಕ್ಕೆ ಇಂಪ್ಲ್ ಅಂತ ಅಂಟಿಸಿದರೆ ಯಾವ ಕರೆಯುವವರ ಬಗ್ಗೆಯೂ ಯೋಚಿಸಿದ ಹಾಗಾಗಲಿಲ್ಲ. ಫೈಲ್ ಎರಡಾಯಿತು ಅಷ್ಟೇ. ಎಲ್ಲ ನಿಮ್ಮದೇ ಕೋಡ್ ಆಗಿದ್ದರೆ, ಎರಡನೇ ಇಂಪ್ಲಿಮೆಂಟೇಶನ್ ಬಂದ ದಿನ ಎಡಿಟರ್‌ನಲ್ಲಿ ಎರಡು ಕ್ಲಿಕ್‌ಗೆ ಇಂಟರ್‌ಫೇಸ್ ತೆಗೆಯಬಹುದು. ಬೇರೆಯವರು ಬಳಸುವ ಲೈಬ್ರರಿ ಆದರೆ ಮಾತು ಬೇರೆ. ಗಡಿಯಾರ, ನೆಟ್‌ವರ್ಕ್, ಪಾವತಿ ಇಂಥವುಗಳ ಹಿಂದೆ ನಿಂತ ಕೋಡ್ ಆದರೂ ಬೇರೆ, ಟೆಸ್ಟ್ ಮಾಡುವಾಗ ಅಲ್ಲಿ ಸುಳ್ಳು ಗಡಿಯಾರ ಇಡಬೇಕಾಗುತ್ತದೆ. ಟೆಸ್ಟ್ ಕೂಡ ಒಬ್ಬ ಕರೆಯುವವನೇ ಅಲ್ವಾ.

ಇನ್ನೊಬ್ಬರು ಹಿಂದಿನ ಸಾಲಿನಿಂದ ಕೇಳಿದರು: ‘ಆ ಫೈಲ್ ಆಮದು ಕ್ಲಾಸ್ ಕೊನೆಗೆ ಏನಾಯಿತು? ಅಳಿಸಿದಿರಾ?’ ಇಲ್ಲ, ಈಗಲೂ ಇದೆ. ಓಟದ ಮೆಥಡ್‌ಗೆ ಫೈನಲ್ ಹಾಕಿದ್ದೇವೆ, ಮಕ್ಕಳು ಅದನ್ನು ಬದಲಾಯಿಸುವ ಹಾಗಿಲ್ಲ. ಕ್ಲಾಸನ್ನೇ ಪ್ಯಾಕೇಜ್ ಒಳಗೆ ಮುಚ್ಚಿಟ್ಟಿದ್ದೇವೆ. ಅದರ ಕೆಳಗೆ ಮೂರು ಮಕ್ಕಳಿದ್ದಾರೆ, ಮೂವರೂ ನಿಜವಾದ ಫೈಲ್ ಓದುವವರು. ತಯಾರಾಗು ಮೆಥಡ್ ಹೋಯಿತು, ಕಾಲಂ ಹೆಸರುಗಳನ್ನು ಮಕ್ಕಳು ಕನ್‌ಸ್ಟ್ರಕ್ಟರ್ ಮೂಲಕವೇ ತಾಯಿಗೆ ಕೊಡುತ್ತಾರೆ. ಹೊರಗಿನ ಕೋಡಿನಲ್ಲಿ ಫೈಲ್ ಆಮದು ಅನ್ನುವ ಹೆಸರನ್ನು ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ.